ಎಂ35ಎ2 ಸೇನಾ ಲಾರಿಗೆ ಬದಲಿ ಎಂಜಿನ್: ಕೂರಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ಆರುಚಕ್ರಿ

ನನ್ನ ಬಳಿ ಅಮೆರಿಕದ ಸೇನೆಯಿಂದ ಹೊರಬಿದ್ದ ಎಂ35ಎ2 ಲಾರಿ ಇದೆ. ಎರಡೂವರೆ ಟನ್, ಮೂರು ಆಕ್ಸಲ್, ಆರೂ ಚಕ್ರಗಳಿಗೆ ಎಳೆತ. ನನ್ನ ಕೈಗೆ ಬರುವ ಮೊದಲೇ ಅದರ ಎಂಜಿನ್ ಒಡೆದುಹೋಗಿತ್ತು. ಎಲ್‌ಡಿಟಿ-465-1ಸಿ ಮಲ್ಟಿಫ್ಯೂಯೆಲ್, ಅಂದರೆ ಹಲವು ಬಗೆಯ ಇಂಧನಕ್ಕೆ ಓಡುವ ಎಂಜಿನ್. ಬ್ಲಾಕಿನ ಪಕ್ಕದಲ್ಲಿ ಅಂಗೈಯಗಲದ ತೂತು, ಅದರೊಳಗೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಮುರಿದ ತುದಿ ಕಾಣುತ್ತದೆ. ಉಳಿದದ್ದೆಲ್ಲ ಚೆನ್ನಾಗಿದೆ. ಚಾಸಿಯಲ್ಲಿ ತುಕ್ಕಿಲ್ಲ, ಗೇರ್‌ಬಾಕ್ಸ್ ಐದೂ ಗೇರಿಗೆ ಬೀಳುತ್ತದೆ, ಬ್ರೇಕಿನ ಏರ್ ಟ್ಯಾಂಕುಗಳು ಗಟ್ಟಿಯಾಗಿವೆ. ಈ ಲಾರಿಯನ್ನು ಗುಜರಿಗೆ ಕಳಿಸಲು ನನಗೆ ಮನಸ್ಸಿಲ್ಲ.

ಬದಲಿಗೆ ಎಲ್‌ಡಿಟಿ-465-1ಡಿ ಎಂಜಿನ್ ಒಂದು ಸಿಕ್ಕಿದೆ. ಸೇನೆಯ ಡಿಪೋದಲ್ಲಿ ಪುನರ್ನಿರ್ಮಾಣಗೊಂಡು, ಉಕ್ಕಿನ ಮುಚ್ಚಿದ ಡಬ್ಬಿಯಲ್ಲಿಯೇ ದಶಕಗಳ ಕಾಲ ಕುಳಿತಿದ್ದ ಎಂಜಿನ್. ಡಬ್ಬಿಯನ್ನು ಇನ್ನೂ ತೆರೆದಿಲ್ಲ. ನನ್ನ ಪ್ರಶ್ನೆಗಳು ಇವು.

ಗೇರ್‌ಬಾಕ್ಸನ್ನು ಲಾರಿಯಲ್ಲಿಯೇ ಬಿಟ್ಟು ಎಂಜಿನ್ ಮಾತ್ರ ಇಳಿಸಬಹುದೇ, ಎರಡನ್ನೂ ಸೇರಿಸಿಯೇ ತೆಗೆಯಬೇಕೇ? ಇಷ್ಟು ವರ್ಷ ತಿರುಗದ ಎಂಜಿನ್ನನ್ನು ಮೊದಲ ಬಾರಿ ತಿರುಗಿಸುವುದು ಹೇಗೆ? ಮೂರನೆಯದು, ಹಳೆಯ ಎಂಜಿನ್ನಿನ ಡೀಸೆಲ್ ಪಂಪ್ ಕೊನೆಯ ದಿನದವರೆಗೂ ಕೆಲಸ ಮಾಡುತ್ತಿತ್ತು ಎಂದು ಮಾರಿದವರು ಹೇಳಿದ್ದಾರೆ. ಡಬ್ಬಿಯೊಳಗಿನ ಪಂಪ್ ಹೇಗಿದೆಯೋ ಗೊತ್ತಿಲ್ಲ. ಹಾಗಾಗಿ ಹಳೆಯ ಪಂಪನ್ನೇ ಬಿಚ್ಚಿ ಹೊಸದಕ್ಕೆ ಹಾಕುವ ಯೋಚನೆಯಲ್ಲಿದ್ದೇನೆ. ಅನುಭವ ಇರುವವರು ದಯವಿಟ್ಟು ಹೇಳಿ.

---

ಉತ್ತರ: ಹಳೆಯ ಫಿಟ್ಟರ್

ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರ ಕೊಡುತ್ತೇನೆ. ಆದರೆ ಅದಕ್ಕೂ ಮೊದಲು ನೀವು ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ: ಹಳೆಯ ಎಂಜಿನ್ ಏಕೆ ಒಡೆಯಿತು? ಅದಕ್ಕೆ ಉತ್ತರ ಸಿಗುವವರೆಗೆ ಡಬ್ಬಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಬೇಡಿ. ದೊಡ್ಡ ಡೀಸೆಲ್ ಎಂಜಿನ್‌ಗಳ ಕೆಲಸದಲ್ಲಿಯೇ ನನ್ನ ವಯಸ್ಸು ಕಳೆದಿದೆ. ಎರಡನೆಯ ಎಂಜಿನ್ ಕೂಡ ಮೊದಲನೆಯದರ ರೋಗದಿಂದಲೇ ಹೋದದ್ದನ್ನು ಕಂಡಾಗ ಆಗುವ ಸಂಕಟ ಬೇರೆ ಯಾವುದರಲ್ಲೂ ಇಲ್ಲ. ಎಂಜಿನ್ ಒಂದೇ ಕಾರಣಕ್ಕೆ ಒಡೆಯುವುದಿಲ್ಲ, ಆದರೆ ಒಡೆದ ಎಂಜಿನ್ ತನ್ನ ಕಾರಣವನ್ನು ಹೊಟ್ಟೆಯಲ್ಲಿಯೇ ಇಟ್ಟುಕೊಂಡಿರುತ್ತದೆ. ಎಂಜಿನ್ನಿನ ತಳದ ಆಯಿಲ್ ತೊಟ್ಟಿಯನ್ನು, ಅಂದರೆ ಸಂಪನ್ನು, ಬಿಚ್ಚಿ ನೋಡಿ.

ಈ ಎಂಜಿನ್ನಿನಲ್ಲಿ ರಾಡ್ ಹೊರಬರುವುದಕ್ಕೆ ಸಾಮಾನ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಅತಿವೇಗ. ಇದರ ವೇಗ ನಿಯಂತ್ರಕ, ಅಂದರೆ ಗವರ್ನರ್, ನಿಮಿಷಕ್ಕೆ 2600 ಸುತ್ತಿಗೆ ಇಂಧನ ಕಡಿಮೆ ಮಾಡುತ್ತದೆ. ಆದರೆ ಇಳಿಜಾರಿನಲ್ಲಿ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಆಗ ಗವರ್ನರ್ ಏನೂ ಮಾಡಲಾರದು. ರಾಡಿನ ಮೇಲೆ ಬೀಳುವ ಜಗ್ಗು ಸುತ್ತಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 2600ರ ಬದಲು 3100 ಸುತ್ತು ಹೋದರೆ ವೇಗ ಹೆಚ್ಚಿದ್ದು ಶೇಕಡಾ 19ರಷ್ಟು, ಜಗ್ಗು ಹೆಚ್ಚಿದ್ದು ಶೇಕಡಾ 42ರಷ್ಟು. ಹೊಗೆ ಹೊರದೂಡುವ ಹೊಡೆತದ ಕೊನೆಯಲ್ಲಿ ಪಿಸ್ಟನ್ ಮೇಲೆ ತಲುಪಿದಾಗ ಅದನ್ನು ತಡೆಯುವ ಒತ್ತಡ ಏನೂ ಇರುವುದಿಲ್ಲ. ಪಿಸ್ಟನ್ನಿನ ಭಾರವನ್ನು ಹಿಡಿದು ಕೆಳಗೆ ಎಳೆಯುವ ಕೆಲಸವೆಲ್ಲ ರಾಡಿನ ಬೋಲ್ಟುಗಳ ಮೇಲೆ. ಹೀಗೆ ಹೋದ ಎಂಜಿನ್ನಿನಲ್ಲಿ ಬೋಲ್ಟ್ ಎಳೆದು ಸಣ್ಣಗಾಗಿ ತುಂಡಾಗಿರುತ್ತದೆ. ಪಕ್ಕದ ರಾಡುಗಳ ಬೇರಿಂಗ್ ಮಾತ್ರ ಒಳ್ಳೆಯ ಬೂದು ಬಣ್ಣದಲ್ಲಿಯೇ ಉಳಿದಿರುತ್ತದೆ.

ಎರಡನೆಯದು ಆಯಿಲಿನ ಕೊರತೆ ಅಥವಾ ಆಯಿಲ್ ತೆಳುವಾಗುವುದು. ಆಗ ಮುರಿದ ರಾಡ್ ಕೂರುವ ಕ್ರ್ಯಾಂಕ್ ಜರ್ನಲ್ ಸುಟ್ಟು ನೀಲಿ-ಕಪ್ಪಾಗಿರುತ್ತದೆ, ಬೇರಿಂಗಿನ ಚಿಪ್ಪು ಕರಗಿ ಎಳೆದುಕೊಂಡಿರುತ್ತದೆ. ಪಕ್ಕದ ಬೇರಿಂಗ್‌ಗಳಲ್ಲಿಯೂ ಮೇಲಿನ ಪದರ ಸವೆದು ತಾಮ್ರದ ಬಣ್ಣ ಕಾಣುತ್ತದೆ.

ಈ ಎರಡರಲ್ಲಿ ಯಾವುದು ಎಂದು ತಿಳಿಯಲು ಉಳಿದ ಐದು ರಾಡುಗಳ ಕ್ಯಾಪ್ ತೆಗೆದು ನೋಡಿದರೆ ಸಾಕು. ಮುರಿದದ್ದನ್ನು ಎಲ್ಲರೂ ನೋಡುತ್ತಾರೆ. ಸುದ್ದಿ ಇರುವುದು ಮುರಿಯದೆ ಉಳಿದವುಗಳಲ್ಲಿ.

ಇನ್ನು ನಿಮ್ಮ ಪ್ರಶ್ನೆಗಳು. ಗೇರ್‌ಬಾಕ್ಸ್ ಸೇರಿಸಿಯೇ ತೆಗೆಯಬಹುದು. ಆದರೆ ಉದ್ದ ಹೆಚ್ಚು, ಹಿಂಭಾರ ಹೆಚ್ಚು. ಒಳ್ಳೆಯ ಕ್ರೇನ್ ಇಲ್ಲದಿದ್ದರೆ ಹಗ್ಗದಲ್ಲಿ ತೂಗುತ್ತಿರುವಾಗ ತಿರುಗಿ ಕ್ಯಾಬಿಗೆ ಬಡಿಯುತ್ತದೆ. ಎಂಜಿನ್ ಮಾತ್ರ ಇಳಿಸುವುದಾದರೆ ಬಾನೆಟ್, ಮುಂದಿನ ಗ್ರಿಲ್, ರೇಡಿಯೇಟರ್ ತೆಗೆದು ಮುಂದಕ್ಕೆ ಎಳೆಯಬೇಕು. ಕ್ಯಾಬಿನ ನೆಲದ ನಡುವಿನ ತಗಡು ಬಿಚ್ಚಿದರೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಸೇರಿಸುವ ಬೆಲ್ ಹೌಸಿಂಗಿನ ಮೇಲಿನ ಬೋಲ್ಟುಗಳಿಗೆ ಕೈ ನೇರವಾಗಿ ಹೋಗುತ್ತದೆ. ಗೇರ್‌ಬಾಕ್ಸ್ ತನ್ನ ಕಾಲ ಮೇಲೆ ತಾನು ನಿಂತಿಲ್ಲ, ಎಂಜಿನ್ನಿಗೆ ನೇತುಹಾಕಿಕೊಂಡಿದೆ. ಹಾಗಾಗಿ ಎಂಜಿನ್ ಸಡಿಲಿಸುವ ಮೊದಲೇ ಅದರ ಕೆಳಗೆ ಜ್ಯಾಕ್ ಕೊಡಿ, ಮೇಲಿನಿಂದ ಸರಪಳಿಯನ್ನೂ ಹಾಕಿ. ತೂಕವನ್ನು ಮುಕ್ಕಾಲು ಟನ್ ಎಂದು ಹಿಡಿದು, ಎರಡು ಟನ್ ತಾಳುವ ಸಾಮಾನನ್ನೇ ಬಳಸಿ. ತೂಗುವ ಎಂಜಿನ್ನಿನ ಕೆಳಗೆ ಯಾರ ಕೈಯೂ ಕಾಲೂ ಹೋಗಬಾರದು.

ಹೊಸದನ್ನು ಸೇರಿಸುವಾಗ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲುಗಳೊಳಗೆ ಹೋಗಿ ಪೈಲಟ್ ಬೇರಿಂಗಿನಲ್ಲಿ ಕೂರಬೇಕು. ಎರಡರ ನಡುವೆ ಒಂದು ಬೆರಳು ಸಂದು ಉಳಿದಾಗ ಬೋಲ್ಟ್ ಹಾಕಿ ಬಿಗಿದು ಎಳೆಯುವ ಆಸೆ ಎಲ್ಲರಿಗೂ ಆಗುತ್ತದೆ. ಖಂಡಿತ ಎಳೆಯಬೇಡಿ. ಸರಿಯಾಗಿ ಕೂತರೆ ಅದು ಕೈಯ ಒತ್ತಡಕ್ಕೇ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ಎಂಜಿನ್ ಓರೆಯಾಗಿದೆ ಅಥವಾ ಕ್ಲಚ್ ಪ್ಲೇಟ್ ನಡುವಿನಲ್ಲಿಲ್ಲ. ಬೋಲ್ಟಿನಿಂದ ಎಳೆದರೆ ಕ್ಲಚ್ ಪ್ಲೇಟಿನ ನಡುಭಾಗ ಬಾಗುತ್ತದೆ, ಅದು ಗೊತ್ತಾಗುವುದು ಲಾರಿ ರಸ್ತೆಗೆ ಬಂದ ಮೇಲೆ.

ಪಂಪಿನ ವಿಷಯ ನಿಮ್ಮ ಸಂಪಿನ ಸುದ್ದಿ ಬಂದ ಮೇಲೆ ಹೇಳುತ್ತೇನೆ.

---

ಉತ್ತರ: ನೇರ ಆರು

ನಾನು ಬೇರೆ ಮಾತು ಹೇಳುತ್ತೇನೆ. ಮಲ್ಟಿಫ್ಯೂಯೆಲ್ಲನ್ನೇ ಮತ್ತೆ ಹಾಕುವುದು ಏಕೆ? ಕಮಿನ್ಸ್ 6ಬಿಟಿ, 5.9 ಲೀಟರ್, ತೂಕ ಸುಮಾರು 500 ಕಿಲೋ, ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ, ಹೆಡ್ ಗ್ಯಾಸ್ಕೆಟಿನ ತಲೆನೋವಿಲ್ಲ. ಸೇನೆಯೇ 1990ರ ದಶಕದಲ್ಲಿ ಈ ಲಾರಿಗಳನ್ನು ಎಂ35ಎ3 ಆಗಿ ಬದಲಿಸಿದಾಗ ಮಲ್ಟಿಫ್ಯೂಯೆಲ್ ಕಿತ್ತು ಕ್ಯಾಟರ್‌ಪಿಲ್ಲರ್ 3116 ಡೀಸೆಲ್ಲನ್ನೂ ಅಲಿಸನ್ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನೂ ಹಾಕಿತು. ಅವರಿಗೇ ಬೇಡವಾದ ಎಂಜಿನ್ನಿಗೆ ನಾವು ಏಕೆ ಅಂಟಿಕೊಳ್ಳಬೇಕು?

ಹಾಕುವುದಾದರೆ ಮೊದಲು ಅಳೆಯಬೇಕಾದದ್ದು ಫ್ಲೈವೀಲ್ ಹೌಸಿಂಗ್. ಅದರ ಎಸ್‌ಎಇ ಸಂಖ್ಯೆ, ಅಂದರೆ ಅಳತೆಯ ಪ್ರಮಾಣಸಂಖ್ಯೆ, ನಿಮ್ಮ ಬೆಲ್ ಹೌಸಿಂಗಿಗೆ ಹೊಂದಬೇಕು. ಆಮೇಲೆ ಸಂಪಿನ ಆಕಾರ. ಸಂಪಿನ ಆಳದ ಭಾಗ ಮುಂದಿನ ಆಕ್ಸಲಿನ ಮೇಲೆ ಬಂದರೆ ಸ್ಪ್ರಿಂಗ್ ಕುಗ್ಗಿದಾಗ ಬಡಿಯುತ್ತದೆ. ಸ್ಟಾರ್ಟರ್ ಮತ್ತು ಆಲ್ಟರ್ನೇಟರ್ 24 ವೋಲ್ಟಿನವೇ ಆಗಿರಲಿ. ಬ್ರೇಕಿಗೆ ಏರ್ ಕಂಪ್ರೆಸರ್ ಬೇಕೇ ಬೇಕು, ಅದಿಲ್ಲದ ಕಾರಿನ ಎಂಜಿನ್ ತಂದು ಕೂರಿಸಬೇಡಿ.

---

ಉತ್ತರ: ಹಳೆಯ ಫಿಟ್ಟರ್

'ನೇರ ಆರು' ಅವರು ಹೇಳಿದ ಅಳತೆಗಳೆಲ್ಲ ಸರಿ. 6ಬಿಟಿ ಬಗ್ಗೆ ನನಗೂ ಗೌರವವಿದೆ. ಆದರೆ ಕೈಯಲ್ಲಿ ಪುನರ್ನಿರ್ಮಾಣಗೊಂಡ 1ಡಿ ಇರುವಾಗ, ಕೂರುವ ಮೌಂಟಿನಿಂದ ಹಿಡಿದು ಆಕ್ಸಿಲರೇಟರ್ ಕಡ್ಡಿಯವರೆಗೆ ಪ್ರತಿಯೊಂದೂ ತನ್ನ ಜಾಗಕ್ಕೆ ತಾನೇ ಬಂದು ಕೂರುವಾಗ, ಹೊಸ ಬ್ರ್ಯಾಕೆಟ್ ಬೆಸೆಯುವ ಕೆಲಸಕ್ಕೆ ಇಳಿಯುವುದು ಬೇಡ ಎಂದು ನನ್ನ ಅಭಿಪ್ರಾಯ. ಬೆಸೆದ ಪ್ರತಿಯೊಂದು ಬ್ರ್ಯಾಕೆಟ್ಟೂ ಮುಂದೆ ಲಾರಿ ಕೊಳ್ಳುವವನಿಗೆ ಪುಸ್ತಕದಲ್ಲಿಲ್ಲದ ಒಗಟು.

ಇನ್ನೊಂದು ಮಾತು, ಇದು ಮನಸ್ಸಿನಿಂದ ಹೇಳುವುದು. ಈ ಎಂಜಿನ್ ಸಾಮಾನ್ಯವಾದದ್ದಲ್ಲ. ಬೇರೆ ಡೀಸೆಲ್‌ಗಳಲ್ಲಿ ಇಂಧನವನ್ನು ಗಾಳಿಯೊಳಗೆ ಮಂಜಿನಂತೆ ಎರಚುತ್ತಾರೆ. ಇದರಲ್ಲಿ ಪಿಸ್ಟನ್ನಿನ ತಲೆಯಲ್ಲಿ ಕೊರೆದ ಗೋಳಾಕಾರದ ಕುಳಿಯ ಗೋಡೆಗೆ ಇಂಧನವನ್ನು ತೆಳುಪೊರೆಯಾಗಿ ಹಚ್ಚುತ್ತಾರೆ. ಸುತ್ತುವ ಬಿಸಿಗಾಳಿ ಆ ಪೊರೆಯನ್ನು ಸ್ವಲ್ಪ ಸ್ವಲ್ಪವಾಗಿ ಎಬ್ಬಿಸಿ ಸುಡುತ್ತದೆ. ಹಾಗಾಗಿಯೇ ಡೀಸೆಲ್, ಸೀಮೆಎಣ್ಣೆ, ವಿಮಾನದ ಜೆಟ್ ಇಂಧನ, ಕಷ್ಟಕಾಲಕ್ಕೆ ಪೆಟ್ರೋಲ್ ಕೂಡ ಇದಕ್ಕೆ ನಡೆಯುತ್ತದೆ. ಜರ್ಮನಿಯ ಮಾನ್ ಕಂಪನಿಯ ಎಂಜಿನಿಯರ್ ಮ್ಯೂರರ್ 1950ರ ದಶಕದಲ್ಲಿ ರೂಪಿಸಿದ ಈ ದಹನಕ್ರಮವನ್ನು ಕಾಂಟಿನೆಂಟಲ್ ಕಂಪನಿ ಅಮೆರಿಕದ ಸೇನೆಗಾಗಿ ಬಳಸಿಕೊಂಡಿತು. 478 ಘನ ಅಂಗುಲ, ಅಂದರೆ 7.8 ಲೀಟರ್, 22ಕ್ಕೆ 1ರ ಸಂಕೋಚನ. ಟರ್ಬೊ ಕೂಡ ಮುಖ್ಯವಾಗಿ ಹೊಗೆ ಕಡಿಮೆ ಮಾಡಲು ಹಾಕಿದ್ದು. ಶಕ್ತಿ 140 ಅಶ್ವಶಕ್ತಿಯ ಆಸುಪಾಸಿನಲ್ಲಿಯೇ ಉಳಿಯಿತು. ಓಡುವ ಮಲ್ಟಿಫ್ಯೂಯೆಲ್‌ಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಒಂದನ್ನು ಉಳಿಸುವ ಅವಕಾಶ ಇದ್ದರೆ ಉಳಿಸಬೇಕು.

---

ಆರುಚಕ್ರಿ

ಸಂಪ್ ಬಿಚ್ಚಿದೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಮುರಿದದ್ದು ಐದನೆಯ ಸಿಲಿಂಡರಿನ ರಾಡ್. ಅದರ ಕ್ರ್ಯಾಂಕ್ ಜರ್ನಲ್ ನೀಲಿ-ಕಪ್ಪಾಗಿದೆ, ಉಗುರು ಎಳೆದರೆ ಗೀರು ಸಿಗುತ್ತದೆ. ಬೇರಿಂಗ್ ಚಿಪ್ಪಿನ ಅರ್ಧ ತೆಳ್ಳಗೆ ತಗಡಿನಂತೆ ಚಪ್ಪಟೆಯಾಗಿ ಸಂಪಿನ ತಳದಲ್ಲಿ ಬಿದ್ದಿತ್ತು. ನಾಲ್ಕನೆಯ ಮತ್ತು ಆರನೆಯ ರಾಡಿನ ಕ್ಯಾಪ್ ತೆಗೆದಾಗ ಮೇಲಿನ ಚಿಪ್ಪಿನ ನಡುವೆ ತಾಮ್ರದ ಬಣ್ಣ ಸ್ಪಷ್ಟವಾಗಿ ಕಾಣುತ್ತಿತ್ತು. ಮುಂದಿನ ಮೂರರಲ್ಲಿಯೂ ಇದೆ, ಸ್ವಲ್ಪ ಕಡಿಮೆ. ಬೋಲ್ಟುಗಳು ಎಳೆದು ಸಣ್ಣಗಾಗಿಲ್ಲ.

ಇನ್ನೊಂದು ವಿಷಯ. ಸಂಪಿನಲ್ಲಿ ಉಳಿದಿದ್ದ ಆಯಿಲ್ ನೀರಿನಂತೆ ತೆಳ್ಳಗಿತ್ತು. ಬೆರಳಿನ ನಡುವೆ ಉಜ್ಜಿದರೆ ಜಿಗಿ ಇಲ್ಲವೇ ಇಲ್ಲ. ವಾಸನೆ ಡೀಸೆಲಿನದು. ಕಾಗದದ ಮೇಲೆ ಒಂದು ಹನಿ ಬಿಟ್ಟೆ. ನಡುವೆ ಕಪ್ಪು ಚುಕ್ಕೆ, ಅದರ ಸುತ್ತ ಅಗಲವಾದ ಎಣ್ಣೆಯುಂಗುರ ಹರಡಿತು. ಬ್ಲಾಕಿನಲ್ಲಿ ತೂತಿದ್ದರೂ ನಾನು ಲಾರಿ ತಂದಾಗ ಡಿಪ್‌ಸ್ಟಿಕ್ ತುಂಬಿದ ಗುರುತಿನ ಹತ್ತಿರವೇ ತೋರಿಸುತ್ತಿತ್ತು. ತೂತು ಆಯಿಲಿನ ಮಟ್ಟಕ್ಕಿಂತ ಮೇಲಿದೆ, ಅದಕ್ಕೇ ಸೋರಿಹೋಗಿಲ್ಲ ಎಂದುಕೊಂಡಿದ್ದೆ.

---

ಉತ್ತರ: ಹಳೆಯ ಫಿಟ್ಟರ್

ಇಷ್ಟು ಚೆನ್ನಾಗಿ ನೋಡಿ ಬರೆದದ್ದಕ್ಕೆ ಧನ್ಯವಾದ. ಈಗ ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ನಿಮ್ಮ ಸಂಪಿನಲ್ಲಿಯೇ ಸಿಕ್ಕಿದೆ. ಹಳೆಯ ಪಂಪನ್ನು ಯಾವ ಕಾರಣಕ್ಕೂ ಹೊಸ ಎಂಜಿನ್ನಿಗೆ ಹಾಗೆಯೇ ಹಾಕಬೇಡಿ. ಆಯಿಲನ್ನು ತೆಳುಮಾಡಿದ್ದು ಬಹುಶಃ ಅದೇ ಪಂಪ್.

ಬಿಡಿಸಿ ಹೇಳುತ್ತೇನೆ. ಇದರ ಡೀಸೆಲ್ ಪಂಪ್ ಅಮೆರಿಕನ್ ಬಾಷ್ ಪಿಎಸ್‌ಬಿ ಮಾದರಿಯದು. ಆರು ಸಿಲಿಂಡರಿಗೂ ಸೇರಿ ಒಂದೇ ಪ್ಲಂಜರ್. ಅದೇ ಮೇಲೆ ಕೆಳಗೆ ಆಡುತ್ತ ಒತ್ತಡ ಹುಟ್ಟಿಸುತ್ತದೆ, ಅದೇ ತಿರುಗುತ್ತ ಯಾವ ಸಿಲಿಂಡರಿಗೆ ಎಂದು ಹಂಚುತ್ತದೆ. ಈ ಪ್ಲಂಜರ್ ಕೂರುವ ಭಾಗಕ್ಕೆ ಹೈಡ್ರಾಲಿಕ್ ಹೆಡ್ ಎನ್ನುತ್ತಾರೆ. ಅದರ ಮೇಲ್ಭಾಗದಲ್ಲಿ ಇಂಧನ, ಕೆಳಭಾಗದಲ್ಲಿ ಪಂಪಿನ ಕ್ಯಾಮ್. ಆ ಕ್ಯಾಮಿಗೆ ಬರುವುದು ಎಂಜಿನ್ನಿನದೇ ಆಯಿಲ್, ಅದು ಮರಳುವುದು ಎಂಜಿನ್ನಿನ ಸಂಪಿಗೇ. ಎರಡರ ನಡುವೆ ಇರುವುದು ರಬ್ಬರಿನ ಓ-ರಿಂಗ್ ಮತ್ತು ಪ್ಲಂಜರಿನ ಅತಿ ಬಿಗಿಯಾದ ಹೊಂದಿಕೆ. ರಿಂಗ್ ಗಟ್ಟಿಯಾಗಿ ಬಿರುಕುಬಿಟ್ಟರೆ ಡೀಸೆಲ್ ನೇರವಾಗಿ ಸಂಪಿಗೆ ಇಳಿಯುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಲಾರಿ ಚೆನ್ನಾಗಿಯೇ ಓಡುತ್ತದೆ. ಮಾರಿದವರು ಪಂಪ್ ಕೊನೆಯವರೆಗೂ ಕೆಲಸ ಮಾಡುತ್ತಿತ್ತು ಎಂದದ್ದು ಸುಳ್ಳಲ್ಲ. ಅದು ಕೆಲಸವನ್ನೂ ಮಾಡುತ್ತಿತ್ತು, ಸೋರುತ್ತಲೂ ಇತ್ತು.

ಈ ಲಾರಿಯ ಟ್ಯಾಂಕಿನೊಳಗೆ ವಿದ್ಯುತ್ ಪಂಪ್ ಇದೆ. ಸ್ವಿಚ್ ಹಾಕಿದ ಕೂಡಲೇ ಅದು ಇಂಧನವನ್ನು ಒತ್ತಡದಲ್ಲಿ ಕಳಿಸುತ್ತದೆ, ಎಂಜಿನ್ ತಿರುಗುತ್ತಿರಲಿ ಬಿಡಲಿ. ಸೋರುವ ಪಂಪ್ ಇದ್ದಾಗ ಸ್ವಿಚ್ ಹಾಕಿ ಬಿಟ್ಟ ಪ್ರತಿಯೊಂದು ನಿಮಿಷವೂ ಸಂಪಿಗೆ ಡೀಸೆಲ್. ಅದಕ್ಕೇ ಡಿಪ್‌ಸ್ಟಿಕ್ ಕೆಳಗೆ ಇಳಿಯದೆ ಮೇಲೇ ನಿಂತಿತ್ತು. ಆಯಿಲ್ ಕಡಿಮೆಯಾಗದ ಎಂಜಿನ್ ಎಂದು ಸಂತೋಷಪಡುವವರು ಬಹಳ. ಹಳೆಯ ಡೀಸೆಲ್ಲಿನಲ್ಲಿ ಕಡಿಮೆಯಾಗದ ಆಯಿಲನ್ನು ಕಂಡರೆ ನಾನು ಮೊದಲು ಮೂಸಿ ನೋಡುತ್ತೇನೆ.

ಹಾಗಾದರೆ ಡಬ್ಬಿಯ ಪಂಪ್ ಸುರಕ್ಷಿತವೇ? ಅದೂ ಅಲ್ಲ. ಅದರಲ್ಲಿ ಬೇರೆ ರೋಗ. ವರ್ಷಗಟ್ಟಲೆ ನಿಂತ ಪಂಪಿನಲ್ಲಿ ಒಳಗೆ ಉಳಿದ ಎಣ್ಣೆ ಅಂಟಾಗಿ ಪ್ಲಂಜರ್ ಹಿಡಿದುಕೊಂಡಿರುತ್ತದೆ. ಹಾಗೆಯೇ ಸ್ಟಾರ್ಟರ್ ಕೊಟ್ಟರೆ ಕೆಳಗಿನಿಂದ ಕ್ಯಾಮ್ ನೂಕುತ್ತದೆ, ಮೇಲೆ ಪ್ಲಂಜರ್ ಬರುವುದಿಲ್ಲ. ಎರಡನ್ನೂ ಜೋಡಿಸುವ ಬಟನ್ ಎಂಬ ಪುಟ್ಟ ಭಾಗ ಕಿತ್ತುಬರುತ್ತದೆ. ಅಲ್ಲಿಗೆ ಆ ಹೆಡ್ ಮುಗಿಯಿತು.

ಆದ್ದರಿಂದ ಕ್ರಮ ಹೀಗಿರಲಿ. ಡಬ್ಬಿಯ ಮೇಲೆ ತೇವಾಂಶ ತೋರಿಸುವ ಸೂಚಕ ಇರುತ್ತದೆ, ಮೊದಲು ಅದನ್ನು ನೋಡಿ. ಮುಚ್ಚಳದ ಬೋಲ್ಟ್ ಮುಟ್ಟುವ ಮೊದಲು ಒತ್ತಡ ಬಿಡುವ ವಾಲ್ವ್ ಒತ್ತಿ, ಒಳಗೆ ಗಾಳಿ ಉಳಿದಿದ್ದರೆ ಪೂರ್ತಿ ಹೋಗಲು ಬಿಡಿ. ಎಂಜಿನ್ ಹೊರಗೆ ಬಂದ ಮೇಲೆ ಪುನರ್ನಿರ್ಮಾಣದ ದಿನಾಂಕ ಕೊರೆದ ತಗಡಿನ ಚಿತ್ರ ತೆಗೆದಿಟ್ಟುಕೊಳ್ಳಿ. ಆಮೇಲೆ ಪಂಪಿನ ಹೈಡ್ರಾಲಿಕ್ ಹೆಡ್ಡನ್ನು ಎತ್ತಿ ತೆಗೆಯಿರಿ. ಪ್ಲಂಜರ್ ಬೆರಳಿನಲ್ಲಿ ಸಲೀಸಾಗಿ ಜಾರಬೇಕು, ಸಲೀಸಾಗಿ ತಿರುಗಬೇಕು. ಹಿಡಿದಿದ್ದರೆ ಡೀಸೆಲ್ ಮತ್ತು ತೆಳು ಎಣ್ಣೆಯಲ್ಲಿ ನೆನೆಸಿಡಿ, ಸುತ್ತಿಗೆ ಮುಟ್ಟಿಸಬೇಡಿ. ಚೆನ್ನಾಗಿದ್ದರೂ ಓ-ರಿಂಗ್‌ಗಳನ್ನು ಹೊಸದಾಗಿ ಹಾಕಿ. ಉಕ್ಕಿನ ಡಬ್ಬಿ ತುಕ್ಕನ್ನು ತಡೆಯುತ್ತದೆ, ರಬ್ಬರಿಗೆ ವಯಸ್ಸಾಗುವುದನ್ನು ತಡೆಯುವುದಿಲ್ಲ.

ಮರಳಿ ಕೂರಿಸುವಾಗ ಒಂದು ಜಾಗದಲ್ಲಿ ಉಸಿರು ಬಿಗಿಹಿಡಿದು ನೋಡಬೇಕು. ಪ್ಲಂಜರಿನ ಮೇಲೆ ಸ್ಲೀವ್ ಎಂಬ ಒಂದು ಬಳೆ ಜಾರುತ್ತದೆ. ಎಷ್ಟು ಇಂಧನ ಎಂದು ನಿರ್ಧರಿಸುವುದು ಅದು. ಗವರ್ನರಿನಿಂದ ಬರುವ ಪುಟ್ಟ ಪಿನ್ ಆ ಸ್ಲೀವಿನ ತೋಡಿನೊಳಗೆ ಹೋಗಿ ಕೂರಲೇಬೇಕು. ಕೂರದೆ ಪಕ್ಕಕ್ಕೆ ನಿಂತರೆ ಗವರ್ನರಿಗೂ ಇಂಧನಕ್ಕೂ ಸಂಬಂಧವೇ ಇರುವುದಿಲ್ಲ. ಎಂಜಿನ್ ಹತ್ತಿದ ಕೂಡಲೇ ಪೂರ್ತಿ ಇಂಧನ ಪಡೆದು ಅಂಕೆ ಮೀರಿ ಏರುತ್ತದೆ, ನಿಲ್ಲಿಸುವ ಕೇಬಲ್ ಎಳೆದರೂ ನಿಲ್ಲುವುದಿಲ್ಲ. ಪುನರ್ನಿರ್ಮಾಣಗೊಂಡ ಎಂಜಿನ್ ಹತ್ತು ಸೆಕೆಂಡಿನಲ್ಲಿ ಚೂರಾಗಬಹುದು. ಅದಕ್ಕೇ ಮೊದಲ ಸಲ ಹಚ್ಚುವಾಗ ಗಾಳಿ ಸೇರುವ ಬಾಯಿಯ ಪೈಪ್ ತೆಗೆದಿಡಿ. ಅದರ ಪಕ್ಕದಲ್ಲಿ ಒಬ್ಬರು ದಪ್ಪ ಪ್ಲೈವುಡ್ ಅಥವಾ ಉಕ್ಕಿನ ತಗಡು ಹಿಡಿದು ನಿಂತಿರಲಿ. ಅಂಕೆ ಮೀರಿದರೆ ತಗಡಿನಿಂದ ಬಾಯಿ ಮುಚ್ಚಬೇಕು. ಕೈಯಿಂದಲ್ಲ, ಬಟ್ಟೆಯಿಂದಲೂ ಅಲ್ಲ.

ಇನ್ನು ಮೊದಲ ಬಾರಿ ತಿರುಗಿಸುವುದು. ಸಂರಕ್ಷಣೆಗೆಂದು ಸಿಲಿಂಡರಿನೊಳಗೆ ಎಣ್ಣೆ ಹಾಕಿರುತ್ತಾರೆ. ಲೆಕ್ಕ ಮಾಡಿ: ಒಂದು ಸಿಲಿಂಡರಿನ ಗಾತ್ರ ಸುಮಾರು 1.3 ಲೀಟರ್. 22ಕ್ಕೆ 1ರ ಸಂಕೋಚನ ಎಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಕೇವಲ 62 ಮಿಲಿಲೀಟರ್. ಅದಕ್ಕಿಂತ ಹೆಚ್ಚು ದ್ರವ ಒಳಗಿದ್ದರೆ ಅದು ಕುಗ್ಗುವುದಿಲ್ಲ, ರಾಡ್ ಬಾಗುತ್ತದೆ. ಆದ್ದರಿಂದ ಇಂಧನ ಚಿಮ್ಮಿಸುವ ಆರೂ ನಾಜಲ್ ತೆಗೆದು, ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ. ನಾಜಲ್ ತೂತುಗಳಿಂದ ಏನು ಬರುತ್ತದೆ ಎಂದು ನೋಡಿ. ಎಲ್ಲಿಯಾದರೂ ಬಿಗಿ ಎನಿಸಿದರೆ ಅಲ್ಲಿಯೇ ನಿಲ್ಲಿಸಿ.

---

ಆರುಚಕ್ರಿ

ಹಳೆಯ ಪಂಪ್ ಹಾಕುವ ಯೋಚನೆಯನ್ನು ಬಿಟ್ಟೆ. ಎಲ್ಲರೂ ಪಂಪ್ ಒಳ್ಳೆಯದು ಎನ್ನುತ್ತಿದ್ದಾಗ ಅದೇ ಕಾರಣವಾಗಿರಬಹುದೆಂದು ನನಗೆ ಹೊಳೆಯುವ ಸಾಧ್ಯತೆಯೇ ಇರಲಿಲ್ಲ.

ಇನ್ನೆರಡು ಕೇಳುತ್ತೇನೆ. ಡಬ್ಬಿಯ ಪಟ್ಟಿಯ ಪ್ರಕಾರ ಅದರಲ್ಲಿ ಸ್ಟಾರ್ಟರ್, ಆಲ್ಟರ್ನೇಟರ್ ಇಲ್ಲ, ಆಯಿಲ್ ಕೂಲರ್ ಕೂಡ ಇಲ್ಲ. ಹಳೆಯ ಕೂಲರನ್ನು ತೊಳೆದು ಹಾಕಬಹುದೇ? ಹಾಗೆಯೇ ಆಯಿಲ್ ಒತ್ತಡ ಬರುವ ಮೊದಲೇ ಎಂಜಿನ್ ಹತ್ತಿಬಿಟ್ಟರೆ ಎಂಬ ಭಯ ನನಗಿದೆ.

---

ಉತ್ತರ: ನೇರ ಆರು

ಕೂಲರ್ ವಿಷಯದಲ್ಲಿ ನನ್ನ ಮಾತು ಕೇಳಿ, ಇದು ಯಾವ ಎಂಜಿನ್ನಿಗೂ ಅನ್ವಯಿಸುತ್ತದೆ. ಬೇರಿಂಗ್ ಹೋದ ಎಂಜಿನ್ನಿನ ಆಯಿಲ್ ಕೂಲರನ್ನು ತೊಳೆದು ನಂಬಬೇಡಿ. ಒಳಗಿನ ಸಂದುಗಳು ಕಿರಿದು. ಲೋಹದ ಪುಡಿ ಅಲ್ಲಿ ಕೂತಿರುತ್ತದೆ. ತೊಳೆದಾಗ ಬರದೆ, ಬಿಸಿ ಆಯಿಲ್ ಒತ್ತಡದಲ್ಲಿ ಹರಿದಾಗ ಬಿಡಿಸಿಕೊಂಡು ಹೊಸ ಬೇರಿಂಗಿಗೇ ಹೋಗುತ್ತದೆ. ಬೇರೆ ಕೂಲರ್ ಹುಡುಕಿ. ಆಯಿಲ್ ಹರಿಯುವ ಹೋಸ್‌ಗಳೂ ಹೊಸವೇ ಆಗಲಿ. ಹಳೆಯ ಟರ್ಬೊವನ್ನೂ ಅದೇ ಕಾರಣಕ್ಕೆ ತರಬೇಡಿ.

ನಾನು ಕಮಿನ್ಸ್ ಪಕ್ಷದವನೇ. ಆದರೆ ಆ ಬೇರಿಂಗ್‌ಗಳ ವಿವರ ಓದಿದ ಮೇಲೆ ಒಪ್ಪುತ್ತೇನೆ, ಎಂಜಿನ್ ತಪ್ಪಿನಿಂದ ಅದು ಒಡೆದದ್ದಲ್ಲ.

---

ಉತ್ತರ: ಹಳೆಯ ಫಿಟ್ಟರ್

ಕೂಲರಿನ ಮಾತು ನೂರಕ್ಕೆ ನೂರು ಸರಿ.

ಒತ್ತಡದ ಭಯಕ್ಕೆ ಒಳ್ಳೆಯ ಪರಿಹಾರವಿದೆ. ಒತ್ತಡ ಅಳೆಯುವ ಸೆಂಡರ್ ಕೂರುವ ತೂತಿನಿಂದ, ಎಣ್ಣೆ ತುಂಬಿದ ಒತ್ತಡದ ಪಾತ್ರೆಯಿಂದ ಆಯಿಲನ್ನು ನಿಧಾನವಾಗಿ ಗ್ಯಾಲರಿಗೆ, ಅಂದರೆ ಬ್ಲಾಕಿನೊಳಗಿನ ಆಯಿಲ್ ದಾರಿಗೆ, ನೂಕಿ. ನೂಕುತ್ತಲೇ ಇನ್ನೊಬ್ಬರು ಕ್ರ್ಯಾಂಕನ್ನು ಕೈಯಿಂದ ತಿರುಗಿಸಲಿ. ವಾಲ್ವ್ ಕವರ್ ತೆಗೆದಿಟ್ಟಿದ್ದರೆ ರಾಕರ್‌ಗಳ ಮೇಲೆ ಆಯಿಲ್ ಜಿನುಗುವುದು ಕಣ್ಣಿಗೇ ಕಾಣುತ್ತದೆ. ಟರ್ಬೊಗೆ ಆಯಿಲ್ ಹೋಗುವ ಕೊಳವೆ ಬಿಚ್ಚಿ ಅಲ್ಲಿಯೂ ಸ್ವಲ್ಪ ಹುಯ್ಯಿರಿ. ಸಂಪಿಗೂ ಫಿಲ್ಟರಿಗೂ ಸೇರಿ ಒಟ್ಟು 20 ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಆಮೇಲೆ ಎಂಜಿನ್ ನಿಲ್ಲಿಸುವ ಕೇಬಲನ್ನು ಪೂರ್ತಿ ಹೊರಗೆ ಎಳೆದಿಟ್ಟು ಸ್ಟಾರ್ಟರ್ ಕೊಡಿ. ಇಂಧನ ಮುಚ್ಚಿರುವುದರಿಂದ ಹತ್ತುವುದಿಲ್ಲ, ಸುತ್ತುತ್ತದೆ ಅಷ್ಟೇ. ಅರ್ಧ ನಿಮಿಷಕ್ಕಿಂತ ಹೆಚ್ಚು ಒತ್ತಿಹಿಡಿಯಬೇಡಿ, ಸ್ಟಾರ್ಟರ್ ತಣಿಯಲು ಬಿಡುತ್ತ ಮಾಡಿ. ಆಯಿಲ್ ಒತ್ತಡದ ಮುಳ್ಳು ಏಳುವವರೆಗೂ ಕೇಬಲ್ ಒಳಗೆ ನೂಕಬೇಡಿ. ಕೇಬಲ್ ಎಳೆದಿದ್ದರೂ ಎಂಜಿನ್ ಹತ್ತಲು ಹವಣಿಸಿದರೆ ಮೇಲೆ ಹೇಳಿದ ಪಿನ್ ಕೂತಿಲ್ಲ ಎಂದೇ ಅರ್ಥ, ಪಂಪನ್ನು ಮತ್ತೆ ಬಿಚ್ಚಿ.

ಅರ್ಥಿಂಗ್‌ನ ದಪ್ಪ ತಂತಿಯನ್ನು ಎಂಜಿನ್ನಿನಿಂದ ಚಾಸಿಗೆ ಕೊಡುವುದನ್ನು ಅನೇಕರು ಕೊನೆಗೆಂದು ಬಿಟ್ಟು ಮರೆಯುತ್ತಾರೆ. 24 ವೋಲ್ಟಿನ ಸ್ಟಾರ್ಟರಿನ ಕರೆಂಟ್ ಆಗ ಆಕ್ಸಿಲರೇಟರ್ ಕೇಬಲ್, ಬೇರಿಂಗ್ ಎಂದು ಸಿಕ್ಕ ದಾರಿಯಲ್ಲಿ ಹರಿಯುತ್ತದೆ. ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಬಿಗಿಯಿರಿ.

ಟೈಮಿಂಗ್ ಬಗ್ಗೆ ಒಂದೇ ಮಾತು. ಮೊದಲ ಸಿಲಿಂಡರ್ ಸಂಕೋಚನದ ಹೊಡೆತದಲ್ಲಿದೆಯೇ ಎಂದು ವಾಲ್ವ್ ನೋಡಿ ಖಚಿತಮಾಡಿಕೊಳ್ಳಿ. ಮುಂದಿನ ಪುಲ್ಲಿಯ ಗುರುತು ಎರಡು ಸುತ್ತಿಗೆ ಎರಡು ಸಲ ಬರುತ್ತದೆ, ಅದರಲ್ಲಿ ಒಂದು ಮಾತ್ರ ನಿಮಗೆ ಬೇಕಾದದ್ದು. ಉಳಿದ ಅಳತೆಗಳಿಗೆ ಸೇನೆಯ ಕೈಪಿಡಿ ನೋಡಿ. ಲಾರಿಯದು ಟಿಎಂ 9-2320-361 ಸರಣಿಯಲ್ಲಿದೆ. ಬೋಲ್ಟ್ ಬಿಗಿಯುವ ಅಂಕಿಗಳನ್ನು ಯಾರದೋ ನೆನಪಿನಿಂದ ತೆಗೆದುಕೊಳ್ಳಬೇಡಿ, ನನ್ನ ನೆನಪಿನಿಂದಲೂ ಬೇಡ.

ಎಂಜಿನ್ ಹೊರಗಿರುವಾಗಲೇ ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಇಷ್ಟನ್ನೂ ಹೊಸದಾಗಿ ಹಾಕಿಬಿಡಿ. ಇವುಗಳಲ್ಲಿ ಯಾವುದೊಂದು ಹೋದರೂ ಇದೇ ಕೆಲಸವನ್ನು ಮೊದಲಿನಿಂದ ಮಾಡಬೇಕು.

---

ಆರುಚಕ್ರಿ

ಕೂಲರ್ ಬೇರೆಯದು ಸಿಗುತ್ತಿದೆ. ಹೆಡ್ಡಿನ ಓ-ರಿಂಗ್‌ಗಳನ್ನೂ ಸೀಲನ್ನೂ ತರಿಸುತ್ತಿದ್ದೇನೆ. ಕೊನೆಯದಾಗಿ, ಎಂಜಿನ್ ಹತ್ತಿ ನಿಂತ ಮೇಲೆ ಅದೇ ಸೋರಿಕೆ ಹೊಸದರಲ್ಲಿ ಇಲ್ಲವೆಂದು ಎಷ್ಟು ಬೇಗ ಗೊತ್ತಾಗುತ್ತದೆ?

---

ಉತ್ತರ: ಹಳೆಯ ಫಿಟ್ಟರ್

ಹಚ್ಚುವ ಮೊದಲೇ ಗೊತ್ತುಮಾಡಿಕೊಳ್ಳಬಹುದು. ಆಯಿಲ್ ತುಂಬಿ, ಇಂಧನದ ಗಾಳಿ ತೆಗೆದು, ಡಿಪ್‌ಸ್ಟಿಕ್ಕಿನ ಮೇಲೆ ಮಟ್ಟಕ್ಕೆ ಸರಿಯಾಗಿ ಒಂದು ಗೀರು ಎಳೆಯಿರಿ. ಸ್ಟಾರ್ಟರ್ ಮುಟ್ಟದೆ ಸ್ವಿಚ್ ಮಾತ್ರ ಹಾಕಿ ಟ್ಯಾಂಕಿನ ಪಂಪನ್ನು ಅರ್ಧ ಗಂಟೆ ಓಡಲು ಬಿಡಿ. ಮತ್ತೆ ಡಿಪ್‌ಸ್ಟಿಕ್ ನೋಡಿ. ಗೀರಿಗಿಂತ ಮೇಲೇರಿದ್ದರೆ ಓ-ರಿಂಗ್ ಸರಿಯಾಗಿ ಕೂತಿಲ್ಲ.

ಮಟ್ಟ ಅಲ್ಲಾಡದಿದ್ದರೆ ಹಚ್ಚಿ. ಮೊದಲ ಕೆಲವು ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಿ, ಫಿಲ್ಟರಿನ ಕಾಗದವನ್ನು ಕತ್ತರಿಸಿ ಬೆಳಕಿನಲ್ಲಿ ಬಿಡಿಸಿ ನೋಡಿ. ಕಪ್ಪು ಮಸಿ ಇದ್ದರೆ ಚಿಂತೆಯಿಲ್ಲ. ತಾಮ್ರದ ಬಣ್ಣದ ಪುಡಿ ಮಿನುಗಿದರೆ ಲಾರಿಯನ್ನು ಅಲ್ಲಿಯೇ ನಿಲ್ಲಿಸಿ ನನಗೆ ಇಲ್ಲಿ ಬರೆಯಿರಿ. ಇಳಿಜಾರಿನಲ್ಲಿ ಹತ್ತಿದ ಗೇರಿನಲ್ಲಿಯೇ ಇಳಿಯಿರಿ, ಮುಳ್ಳು 2600 ದಾಟುವ ಮೊದಲು ಬ್ರೇಕ್ ಹಾಕಿ. ನಿಲ್ಲಿಸುವ ಮುನ್ನ ಮೂರರಿಂದ ಐದು ನಿಮಿಷ ನಿಧಾನ ಸುತ್ತಿನಲ್ಲಿ ಬಿಡಿ, ಟರ್ಬೊ ತಣಿಯಲಿ.